ಸುದ್ದಿಗೆ ಮುಂಚಿನ ಮಾತು

“ಇಷ್ಟು ಜನರ ಅಪ್ಪಣೆ ಕೇಳಿ ಮುಗಿಸೋ ಹೊತ್ತಿಗೆ ಸುದ್ದಿ ಹಳಸಿಹೋಗಲ್ವಾ?”

ಮೆಲೆಸೇನಿ ಗಟ್ಟಿಯಾಗಿ ಕೇಳಿದಳು. ಉತ್ತರ ಹೇಳಲು ತರಗತಿಯಲ್ಲಿ ಯಾರೂ ಇರಲಿಲ್ಲ. ಕಿಟಕಿಯಾಚೆ ಮಾವಿನ ಮರದಡಿ ಬ್ಯಾಂಡಿನ ಹುಡುಗರು ಒಂದೇ ಸ್ವರವನ್ನು ಹಿಡಿದು ಬೆಳಗಿನಿಂದ ಜಗ್ಗುತ್ತಿದ್ದರು. ಅದು ಬರಲೊಲ್ಲದ ಹಂದಿಯಂತೆ ಅರಚುತ್ತಿತ್ತು. ಅವಳು ಅಪ್ಪನ ಕೈಗಡಿಯಾರವನ್ನು ಮೇಜಿನ ಮೇಲಿಟ್ಟು ಮತ್ತೊಮ್ಮೆ ಮೊದಲಿನಿಂದ ಓದಿದಳು. ಮತ್ತೆ ಅಷ್ಟೇ. ಅರ್ಧ ಹೊತ್ತು ಅಪ್ಪಣೆ ಕೇಳುವುದರಲ್ಲೇ ಕರಗಿಹೋಯಿತು.

ಹಾಲಾಫೌ ಸಮುದಾಯ ಪ್ರೌಢಶಾಲೆಯಲ್ಲಿ ಶುಕ್ರವಾರದ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳೇ ಸುದ್ದಿ ಓದುವ ರೂಢಿ. ವಾರವಿಡೀ ಸುದ್ದಿ ಕೂಡಿಸುವವಳೂ ಓದುವವಳೂ ಮೆಲೆಸೇನಿಯೇ. ಅವಳ ಜೊತೆಗಾರ ಸೋಸಾಯ, ದೂರದ ಪುಟ್ಟ ದ್ವೀಪದಿಂದ ಓದಲು ಬಂದು ಚಿಕ್ಕಪ್ಪನ ಮನೆಯಲ್ಲಿದ್ದವನು, ಎಲ್ಲಿ ಏನಾದರೂ ಓಡಿಬಂದು ಹೇಳುತ್ತಿದ್ದ. ನೆಟ್‌ಬಾಲ್ ಹುಡುಗಿಯರು ದೋಣಿಯಲ್ಲಿ ವಾಂತಿ ಮಾಡಿಕೊಂಡು ಹೋಗಿ, ವಾಂತಿ ಮಾಡಿಕೊಂಡೇ ಆಡಿ, ಆದರೂ ಗೆದ್ದುಬಂದದ್ದು. ಕೃಷಿ ತರಗತಿಯವರ ಹೆಗ್ಗೆಣಸು ಮಗುವಿನಷ್ಟು ಉದ್ದ ಬೆಳೆದದ್ದು. ಬ್ಯಾಂಡಿನ ದೊಡ್ಡ ತುತ್ತೂರಿಯ ಬಾಯೊಳಗೆ ಕೋಳಿ ಕಾವು ಕೂತದ್ದು, ಮೊಟ್ಟೆ ಒಡೆದು ಮರಿಯಾಗುವತನಕ ತುತ್ತೂರಿಯನ್ನು ಊದಕೂಡದೆಂದು ಸಂಗೀತದ ಮೇಷ್ಟ್ರು ಅಪ್ಪಣೆ ಮಾಡಿದ್ದು. ಈ ಕೊನೆಯದು ಸೋಸಾಯನ ಸ್ವಂತ ಸುದ್ದಿ. ಅದಕ್ಕೆ ಅವನು ಕೋಳಿಗಿಂತ ಹೆಚ್ಚು ಕಾವು ಕೊಟ್ಟಿದ್ದ.

ಆ ವಾರ ದ್ವೀಪದ ರೇಡಿಯೋದವರು ಹೇಳಿಕಳಿಸಿದ್ದರು: ಮುಂದಿನ ವಾರದಿಂದ ನಿಮ್ಮ ಶಾಲೆಯ ಸುದ್ದಿಗೆ ಶುಕ್ರವಾರ ಸಂಜೆ ಕಾಲು ಗಂಟೆ ಕೊಡುತ್ತೇವೆ, ಅದಕ್ಕೆ ಮುಂಚೆ ಈ ಶುಕ್ರವಾರ ಊರ ಹಿರಿಯರು ಒಮ್ಮೆ ಕೇಳಿ ಹೂಂ ಅನ್ನಲಿ. ಸೋಸಾಯನಿಗೆ ಅಂದಿನಿಂದ ನಿದ್ದೆ ಇಲ್ಲ. ಅವನ ತಾಯಿ ಇರುವ ದ್ವೀಪಕ್ಕೆ ಫೋನು ಸರಿಯಾಗಿ ಸಿಗದು, ರೇಡಿಯೋ ಮಾತ್ರ ಚೆನ್ನಾಗಿ ಕೇಳುತ್ತದೆ. ಅಂಥ ತಾಯಂದಿರು ಎಷ್ಟೋ ಜನ. ಮಗನ ಹೆಸರು, ಮಗಳ ಹೆಸರು ಗಾಳಿಯಲ್ಲಿ ತೇಲಿ ಮನೆಯೊಳಗೆ ಬರಬೇಕೆಂದು ಮೆಲೆಸೇನಿಗೂ ಆಸೆ. ಮಲಗುವ ಮುಂಚೆ ಅದನ್ನೇ ಬೇಡಿಕೊಳ್ಳುತ್ತಿದ್ದಳು.

ಆದರೆ ನಾಲ್ಕು ಜನರ ಮುಂದೆ ಎದ್ದು ನಿಂತವರು ಬಾಯಿ ತೆರೆದ ಕೂಡಲೇ ವಿಷಯಕ್ಕೆ ಬರುವಂತಿಲ್ಲ. ಮೊದಲು ಫಕತಾಪು ಹೇಳಬೇಕು. ದೇವರ ಸನ್ನಿಧಿಗೆ ತಲೆಬಾಗಿ, ಅರಸರ ಅಪ್ಪಣೆ ಬೇಡಿ, ಆ ನೆಲದ ಒಡೆಯರ, ಪಾದ್ರಿಗಳ, ಒಡೆಯರ ಪರವಾಗಿ ನುಡಿಯುವ ಮಾತಾಪುಲೆಗಳ ಹೆಸರನ್ನು ಒಬ್ಬೊಬ್ಬರದಾಗಿ ಅವರವರ ಸರದಿಯಲ್ಲಿ ಹೇಳಿ, ಆಮೇಲೆ ಗುರುಗಳು, ತಾಯ್ತಂದೆಯರು, ಕೊನೆಗೆ ಮಕ್ಕಳು. ಶಾಲೆಯೊಳಗೆ ಹೆಡ್‌ಮೇಷ್ಟ್ರು ಒಬ್ಬರೇ ಕೂತಿದ್ದಾಗ ಅದು ಚುಟುಕಾಗಿ ಮುಗಿಯುತ್ತಿತ್ತು. ಊರ ಹಿರಿಯರೆಲ್ಲ ಬಂದು ಕೂತರೆ ಹೆಸರು ಬೆಳೆಯುತ್ತ ಹೋಗುತ್ತದೆ. ಕಾಲು ಗಂಟೆ ಮಾತ್ರ ಬೆಳೆಯುವುದಿಲ್ಲ.

ಮೆಲೆಸೇನಿಗೆ ಬಾಯಿಪಾಠ ಹೊಸದಲ್ಲ. ನಾಲ್ಕು ವರ್ಷದವಳಿದ್ದಾಗಲೇ ಮೇ ತಿಂಗಳ ಮಕ್ಕಳ ಭಾನುವಾರ ಚರ್ಚಿನಲ್ಲಿ ಬಿಳಿ ಅಂಗಿ ತೊಟ್ಟು ವಚನ ಒಪ್ಪಿಸಿದವಳು. ಕಲಿಸಿದವಳು ಸೋದರತ್ತೆ ಲೋಸೆಲಿ; ಒಂದು ಪದ ಜಾರಿದರೂ ಕಿವಿ ಹಿಂಡಿ ಮೊದಲಿನಿಂದ ಹೇಳಿಸುತ್ತಿದ್ದಳು. ಹೆಸರುಗಳ ಸರದಿಯೂ ಹಾಗೆಯೇ ಅವಳ ನಾಲಗೆಯ ಮೇಲೆ ಕೂತಿತ್ತು. ಅವಳಿಗೆ ಮರೆವಿನ ಭಯವಿರಲಿಲ್ಲ, ಗಡಿಯಾರದ್ದಿತ್ತು.

ಪೆನ್ನು ಎತ್ತಿದಳು. ದೇವರು, ಅರಸರು, ನೆಲದ ಒಡೆಯರು, ಪಾದ್ರಿಗಳು. ಅಲ್ಲಿಗೆ ನಿಲ್ಲಿಸಿ ಮುಂದಿನ ಹೆಸರುಗಳನ್ನೆಲ್ಲ ಒಂದೇ ಗೆರೆಯಲ್ಲಿ ಹೊಡೆದು, ‘ಇಲ್ಲಿ ಕೂತ ಎಲ್ಲ ಹಿರಿಯರ ಅಪ್ಪಣೆ ಒಟ್ಟಿಗೆ ಬೇಡುತ್ತೇನೆ’ ಎಂದು ಬರೆದಳು. ಈಗ ಕೋಳಿಗೂ ಜಾಗ ಸಿಕ್ಕಿತು.

ಶುಕ್ರವಾರ ಚರ್ಚಿನ ಹಜಾರದಲ್ಲಿ ಚಾಪೆ ಹಾಸಿದ್ದರು. ಹಿರಿಯರು ಮರ್ಯಾದೆಯ ಉಡುಗೆಯಾಗಿ ಸೊಂಟಕ್ಕೆ ಒಳ್ಳೆಯ ಚಾಪೆ ಸುತ್ತಿ, ಹಗ್ಗ ಬಿಗಿದು ಬಂದು ಕೂತರು. ಹಜಾರ ಅಂದುಕೊಂಡದ್ದಕ್ಕಿಂತ ಹೆಚ್ಚೇ ತುಂಬಿತು. ಮನೆಯಿಂದ ಹೊರಗೇ ಬಾರದ ಮುದುಕಿಯೊಬ್ಬಳನ್ನು ಇಬ್ಬರು ಎತ್ತಿಕೊಂಡೇ ಬಂದಿದ್ದರು. ಮೆಲೆಸೇನಿ ಎದ್ದು ನಿಂತಳು. ದೇವರು, ಅರಸರು, ಒಡೆಯರು, ಪಾದ್ರಿಗಳು. ಆಮೇಲೆ, ಎಲ್ಲರೂ ಒಟ್ಟಿಗೆ.

ಅವಳು ನೆಟ್‌ಬಾಲ್ ಸುದ್ದಿಯ ಮೊದಲ ಸಾಲು ಓದುತ್ತಿದ್ದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಮಾತಾಪುಲೆ ಲೋತೋಫೊಲಾವು ಮೆಲ್ಲಗೆ ಎದ್ದರು. ಸೊಂಟದ ಚಾಪೆ ಸರಿಮಾಡಿಕೊಂಡರು. ಬಾಗಿಲ ಬಳಿ ಬಗ್ಗಿ ಚಪ್ಪಲಿ ಹುಡುಕಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ನಡೆದರು. ಅವರ ಹಿಂದೆ ಅವರ ಕಡೆಯ ಹೆಂಗಸರು, ಗಂಡಸರು, ಮುದುಕಿಯನ್ನು ಎತ್ತಿಕೊಂಡವರು, ಒಬ್ಬೊಬ್ಬರಾಗಿ. ಬಯ್ಗುಳವಿಲ್ಲ, ಗೊಣಗಾಟವಿಲ್ಲ. ಹಜಾರದ ಒಂದು ಮಗ್ಗುಲು ಬರಿ ಚಾಪೆಯಾಯಿತು. ಪಾದ್ರಿಗಳ ಹೆಸರಿನ ನಂತರ ಬರಬೇಕಾದ ಹೆಸರು ಅವರದೇ ಆಗಿತ್ತು. ಅವಳ ಗೆರೆ ಶುರುವಾದದ್ದು ಅಲ್ಲಿಂದಲೇ.

ಮೆಲೆಸೇನಿ ಸುದ್ದಿಯನ್ನು ಕೊನೆತನಕ ಓದಿದಳು. ಕೋಳಿಯ ಸುದ್ದಿಗೆ ಒಬ್ಬರೂ ನಗಲಿಲ್ಲ.

ಹೆಡ್‌ಮೇಷ್ಟ್ರು ಕಿಟಿಯೋನೆ ಮೆತ್ತನೆಯ ಮನುಷ್ಯ. ಗದರಲಿಲ್ಲ. ಇದು ಸರಿಹೋಗುವತನಕ ಸುದ್ದಿ ಬೇಡಮ್ಮ, ರೇಡಿಯೋದ ಮಾತೂ ಬೇಡ ಎಂದಷ್ಟೇ ಹೇಳಿ, ಕನ್ನಡಕ ಒರೆಸುತ್ತ ಹೋದರು. ಹುಡುಗರು ಅಷ್ಟು ಮೆತ್ತಗಿರಲಿಲ್ಲ. ಸೋಮವಾರ ಅವಳು ಗೇಟು ದಾಟುವ ಹೊತ್ತಿಗೆ ಹೊಸ ಹೆಸರು ಕಾದಿತ್ತು. “ಒಟ್ಟಿಗೆ ಬಂದಳು ನೋಡ್ರೋ” ಎಂದು ಬ್ಯಾಂಡಿನವರು ಚಿಕ್ಕ ತುತ್ತೂರಿ ಊದಿದರು. ಊಟದ ಹೊತ್ತಿನಲ್ಲಿ ಯಾರೋ ಮರಗೆಣಸಿನ ತಟ್ಟೆ ಹಿಡಿದು, ಇಲ್ಲಿ ಕೂತ ಎಲ್ಲ ಗೆಣಸುಗಳ ಅಪ್ಪಣೆ ಒಟ್ಟಿಗೆ ಬೇಡುತ್ತೇನೆ ಅಂದ. ಅವಳು ನಕ್ಕಂತೆ ಮಾಡಿದಳು. ಶುಕ್ರವಾರ ಬಂತು, ಪ್ರಾರ್ಥನೆ ಮುಗಿಯಿತು, ಎಲ್ಲರೂ ಒಂದು ಕ್ಷಣ ಅಭ್ಯಾಸಬಲದಿಂದ ಕಾದರು, ಆಮೇಲೆ ತರಗತಿಗಳಿಗೆ ಹೋದರು.

ಸೋಸಾಯ ಅವಳನ್ನು ಮಾವಿನ ಮರದಡಿ ಹಿಡಿದ.

“ಅಮ್ಮಂಗೆ ಹೇಳಿಕಳಿಸಿಬಿಟ್ಟಿದ್ದೆ ಕಣೇ, ಶುಕ್ರವಾರ ರೇಡಿಯೋ ಹಾಕ್ಕೊಂಡು ಕೂತಿರು ಅಂತ,” ಅಂದ. ಸಿಟ್ಟಿನಿಂದಲ್ಲ. “ಇವತ್ತು ಸಂಜೆ ಕೂತಿರ್ತಾಳೆ.”

ಗೆಣಸಿನ ತಟ್ಟೆಗೆ ನಕ್ಕವಳಿಗೆ ಇದಕ್ಕೆ ನಗಲಾಗಲಿಲ್ಲ.

ಅಂದು ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಸೋದರತ್ತೆ ಲೋಸೆಲಿ ದ್ವೀಪದ ಆ ತುದಿಯಿಂದ ನಡೆದುಕೊಂಡೇ ಬಂದಳು. ಮನೆಯಲ್ಲಿ ಅಪ್ಪನ ಮಾತು ದೊಡ್ಡದು. ಅಪ್ಪನ ಅಕ್ಕ ಬಂದಾಗ ಅವಳ ಮಾತೇ ಕೊನೆಯದು. ಅವಳಿಗೆ ಹೊಸ ಚಾಪೆ ಹಾಸಿದರು, ತೆಂಗಿನಹಾಲಿನಲ್ಲಿ ಬೆಂದ ಕೆಸುವಿನೆಲೆಯ ಪೊಟ್ಟಣದಲ್ಲಿ ದೊಡ್ಡದನ್ನು ಅವಳ ಮುಂದಿಟ್ಟರು. ಅವಳು ತಿಂದು, ಕೈ ತೊಳೆದು, ಕೀರ್ತನೆ ಮುಗಿಯುವತನಕ ಕಾದು, ಆಮೇಲೆ ಕೇಳಿದ್ದು ಒಂದೇ: ಈ ಮನೆಯಲ್ಲಿ ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಹರಿದ ಚಾಪೆ ಯಾವುದು?

ಅಪ್ಪನ ಮುಖ ಕಪ್ಪಿಟ್ಟಿತು. ಅಂಥ ಚಾಪೆಯನ್ನು ಯಾಕೆ ಕೇಳುತ್ತಾರೆಂದು ಎಲ್ಲರಿಗೂ ಗೊತ್ತು; ಕ್ಷಮೆ ಬೇಡಲು ಹೋಗುವವರು ಸುತ್ತಿಕೊಳ್ಳುವುದು ಅದನ್ನೇ. ತಾನೇ ಹೋಗುತ್ತೇನೆಂದು ಅವನು ಮೆಲ್ಲಗೆ ಅಂದ. ನೀನು ಹೋದರೆ ಒಬ್ಬ ಗಂಡಸು ಹೋದಂತೆ, ನಾನು ಹೋದರೆ ಈ ಮನೆಯ ತಲೆ ಹೋದಂತೆ ಎಂದು ಅವಳು ಮಾತು ಮುಗಿಸಿದಳು. ಮೆಲೆಸೇನಿ ಅತ್ತೆಯ ಕಾಲ ಬಳಿ ಕೂತು, ತಪ್ಪು ನನ್ನದು, ನಾನೊಬ್ಬಳೇ ಹೋಗುತ್ತೇನೆ, ನೀವು ಅದನ್ನು ಸುತ್ತಿಕೊಳ್ಳಬೇಡಿ ಎಂದು ಬೇಡಿಕೊಂಡಳು. ಅತ್ತೆ ಅವಳ ಕಿವಿಯನ್ನು ಮೆಲ್ಲಗೆ ಹಿಡಿದಳು. ಹಿಂಡಲಿಲ್ಲ.

“ಮಾತು ಕಲಿಸಿದೋಳು ನಾನು ತಾನೇ? ಜೊತೆಗೆ ಬರ್ತೀನಿ.”

ಶನಿವಾರ ಬೆಳಗ್ಗೆ ಅವರಿಬ್ಬರೂ ಲೋತೋಫೊಲಾವು ಅವರ ಬೇಲಿಯ ಹೊರಗೆ ನೆಲದ ಮೇಲೆ ಕೂತರು. ಕೊರಳಲ್ಲಿ ಇಫಿ ಮರದ ಎಲೆಗಳ ಸರ, ಸೊಂಟದಲ್ಲಿ ಇಲಿ ಕಡಿದ ಹರಕು ಚಾಪೆ, ತಲೆ ಬಾಗಿ. ಇಂಥಲ್ಲಿ ಮಾತಿಲ್ಲ. ಎಲೆಯೇ ಮಾತು. ಒಳಗಿನವರು ಬಂದು ಎಲೆ ತೆಗೆದರೆ ಕ್ಷಮಿಸಿದಂತೆ. ಬಾರದಿದ್ದರೆ ಎಲೆ ಕೊರಳಲ್ಲೇ ಬಾಡುತ್ತದೆ.

ಬಿಸಿಲೇರಿತು. ಒಂದು ತುಂತುರು ಬಂದು ಹೋಯಿತು. ನಾಯಿಯೊಂದು ಬಂದು ಅತ್ತೆಯ ಚಾಪೆ ಮೂಸಿ ಸೀನಿತು. ರಸ್ತೆಯಲ್ಲಿ ಹೋಗುವವರು ನೋಡಬಾರದೆಂದು ಮುಖ ಆಚೆ ತಿರುಗಿಸಿಕೊಂಡು ಹೋದರು, ಅದೇ ಹೆಚ್ಚು ಸುಡುತ್ತಿತ್ತು. ಮೆಲೆಸೇನಿ ಓರೆಗಣ್ಣಿನಲ್ಲಿ ಅತ್ತೆಯನ್ನು ನೋಡಿದಳು. ಮದುವೆಗಳಲ್ಲಿ ಮೊದಲ ತುಂಡು ಯಾರಿಗೆ ಹೋಗುತ್ತದೋ, ಅಪ್ಪ ಯಾರೆದುರು ಧ್ವನಿ ಎತ್ತನೋ, ಆ ಹೆಂಗಸು ಕೆಸರಿನಲ್ಲಿ ಕೂತು ತುಟಿ ಅಲುಗಿಸುತ್ತಿದ್ದಳು. ಕಿವಿಗೊಟ್ಟಾಗ ಗೊತ್ತಾಯಿತು, ಹೇಳುತ್ತಿದ್ದದ್ದು ಕೀರ್ತನೆ, ನಾಲ್ಕು ವರ್ಷದ ಮೆಲೆಸೇನಿಗೆ ಮೊದಲು ಕಲಿಸಿದ್ದು. ಹುಡುಗಿಯೂ ಸದ್ದಿಲ್ಲದೆ ಜೊತೆಗೂಡಿದಳು. ಒಂದು ಪದವೂ ಜಾರಲಿಲ್ಲ. ಹೊತ್ತು ಹೋಗುತ್ತಿದೆಯೆಂದು ಅವಳಿಗೆ ಅನ್ನಿಸದಿದ್ದದ್ದು ಇದೇ ಮೊದಲು.

ಬರಿಗಾಲು ಕಾಣಿಸಿತು. ಲೋತೋಫೊಲಾವು ಬಗ್ಗಿ, ಮೊದಲು ಅತ್ತೆಯ ಕೊರಳ ಎಲೆ ತೆಗೆದರು, ಆಮೇಲೆ ಹುಡುಗಿಯದು. ಒಳಗೆ ಬನ್ನಿ, ಜೀಗುಜ್ಜೆ ಬೆಂದಿದೆ ಅಂದರು. ಅಷ್ಟೇ. ಅತ್ತೆ ಎದ್ದು ನಿಲ್ಲಲು ಕಷ್ಟಪಟ್ಟಾಗ ಅವರೇ ಕೈ ಕೊಟ್ಟರು.

ಚಹಾ ಬಂತು. ಅವರು ಹುಡುಗಿಯ ಕಡೆ ನೋಡದೆ, ಲೋಟದ ಕಡೆ ನೋಡುತ್ತ ಕೇಳಿದರು: “ಮರೆತುಬಿಟ್ಟೆಯಾ ಮಗಾ?”

ಹೂಂ ಅನ್ನಬಹುದಿತ್ತು. ಅತ್ತೆಯ ಕಣ್ಣು ಹಾಗೆಯೇ ಹೇಳು ಅನ್ನುತ್ತಿತ್ತು.

“ಇಲ್ಲ ಹಿರಿಯರೇ. ಗೊತ್ತಿತ್ತು. ಹೊತ್ತು ಸಾಲಲ್ಲ ಅಂತ ನಾನೇ ಹೊಡೆದುಹಾಕಿದೆ. ಕೋಳಿ ಸುದ್ದಿಗೆ ಜಾಗ ಬೇಕಿತ್ತು.”

ಅತ್ತೆ ಕಣ್ಣು ಮುಚ್ಚಿಕೊಂಡಳು. ಮುದುಕರು ಲೋಟ ಕೆಳಗಿಟ್ಟರು. ಅವರ ಹೆಗಲು ಅಲುಗಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ಒಂದು ಗಳಿಗೆ ತಿಳಿಯಲಿಲ್ಲ.

“ಕೋಳಿಗೆ ಜಾಗ,” ಅಂದರು. “ಸದ್ಯ, ಮರೆತಿಲ್ವಲ್ಲ. ಮರೆತಿದ್ದರೆ ಏನು ಮಾಡಲಿ ನಾನು? ಹೊಡೆದುಹಾಕಿದ್ದನ್ನ ಮತ್ತೆ ಬರೀಬಹುದು.”

ಆಮೇಲೆ ನಿಧಾನವಾಗಿ ಹೇಳಿದರು. ಅವರದು ಮೋತುಲೀಕಿ ಎಂಬ ದ್ವೀಪ. ಚಿಕ್ಕದು, ಒಂದು ಚರ್ಚು, ಒಂದು ಬಾವಿ, ಬಾಳೆಹಣ್ಣು ತಿನ್ನುತ್ತ ಹೊರಟರೆ ಎರಡನೆಯದು ಮುಗಿಯುವುದರೊಳಗೆ ಸುತ್ತಿ ಬರಬಹುದು. ಸಮುದ್ರ ಉಕ್ಕಿ ಬಂದ ವರ್ಷ ಅಲ್ಲಿ ಏನೂ ಉಳಿಯಲಿಲ್ಲ. ಜನ ಉಳಿದರು, ದೇವರ ದಯೆ. ಈಗ ಕೆಲವರು ಇಲ್ಲಿ, ಕೆಲವರು ವವಾವು ದ್ವೀಪಗಳಲ್ಲಿ, ಕೆಲವರು ಎಲ್ಲೆಲ್ಲೋ. ಆ ನೆಲದಲ್ಲಿ ಹಕ್ಕಿ ಬಿಟ್ಟರೆ ಯಾರೂ ಇಲ್ಲ, ನಕಾಶೆಯಲ್ಲೂ ಹುಡುಕಬೇಕು.

“ಯಾರಾದರೂ ಎದ್ದು ನಿಂತು ‘ಮೋತುಲೀಕಿಯ ಲೋತೋಫೊಲಾವು’ ಅಂತಾರಲ್ಲ, ಆಗ ಮಾತ್ರ ನಮ್ಮೂರು ಇರುತ್ತೆ ಮಗಾ. ಅಷ್ಟು ಹೊತ್ತು. ನನಗೆ ಮರ್ಯಾದೆ ಕೊಡು ಅಂತಲ್ಲ, ನಾನ್ಯಾವ ದೊಡ್ಡ ಮನುಷ್ಯ. ರೇಡಿಯೋದಲ್ಲಿ ಬರುತ್ತಂತೆ ಅಂದ್ರು. ಚೆದುರಿಹೋದೋರ ಕಿವಿಗೆಲ್ಲ ಒಂದೇ ಸಲಕ್ಕೆ ಬೀಳುತ್ತಲ್ಲ ಅಂತ ಎಲ್ಲರನ್ನೂ ಕರ್ಕೊಂಡು ಬಂದಿದ್ದೆ. ನಮ್ಮ ಮುದುಕಮ್ಮನ್ನೂ ಎತ್ತಿಸ್ಕೊಂಡು.”

ಮೆಲೆಸೇನಿ ಕೈಯಲ್ಲಿದ್ದ ಜೀಗುಜ್ಜೆಯ ತುಂಡನ್ನು ತಟ್ಟೆಗಿಟ್ಟಳು. ಅವಳಿಗೆ ನೆನಪಾದದ್ದು ರೇಡಿಯೋ ಮುಂದೆ ಕೂತ ಸೋಸಾಯನ ತಾಯಿ. ಈ ಮುದುಕರಿಗೂ ಆ ತಾಯಿಗೂ ಬೇಕಾದದ್ದು ಒಂದೇ, ಒಂದು ಹೆಸರು. ತಾನು ಒಂದಕ್ಕೆ ಜಾಗ ಮಾಡಲು ಇನ್ನೊಂದನ್ನು ತಳ್ಳಿದ್ದಳು.

ಹೇಳಲಾ ಎಂದು ಕೇಳಿದಳು. ಅವರು ತಲೆಯಾಡಿಸಿದರು. ಅವಳು ಚಾಪೆಯ ಮೇಲೆ ನೆಟ್ಟಗೆ ಕೂತು ಮೊದಲಿನಿಂದ ಹೇಳಿದಳು. ಬರೆದು ಓದುವಾಗ ಅದು ಪಟ್ಟಿಯಂತೆ ಇರುತ್ತಿತ್ತು. ಈಗ ಒಂದು ಹೆಸರಿನಿಂದ ಇನ್ನೊಂದಕ್ಕೆ ದಾಟುವಾಗ ಉಸಿರು ತಾನೇ ತಾನಾಗಿ ಎಲ್ಲಿ ತಂಗಬೇಕೋ ಅಲ್ಲಿ ತಂಗಿತು, ಕೀರ್ತನೆಯಲ್ಲಿ ತಂಗುವ ಹಾಗೆ. ಪಾದ್ರಿಗಳಾದ ಮೇಲೆ ಮೋತುಲೀಕಿ ಬಂತು. ಒಳಮನೆಯ ಪರದೆಯ ಹಿಂದಿನಿಂದ ಮುದುಕಿಯ ಧ್ವನಿಯೊಂದು, ಯಾರೋ ಬಾಗಿಲು ತಟ್ಟಿದ್ದಕ್ಕೆ ಓಗೊಟ್ಟಂತೆ, ಹೂಂ ಅಂದಿತು.

ಅಂದು ಕೇಳದೆ ಬಂದ ಸುದ್ದಿಯನ್ನೂ ಓದು ಎಂದು ಲೋತೋಫೊಲಾವು ಕೇಳಿಕೊಂಡರು. ಓದಿದಳು, ಎಲ್ಲ ಅವಳ ತಲೆಯಲ್ಲೇ ಇತ್ತು. ನೆಟ್‌ಬಾಲಿಗೆ ಅವರು ಮರುಗಿದರು, ಹೆಗ್ಗೆಣಸಿನ ಉದ್ದವನ್ನು ನಂಬಲಿಲ್ಲ. ತುತ್ತೂರಿಯ ಕೋಳಿ ಬಂದಾಗ ಚಹಾ ನೆತ್ತಿಗೇರಿ ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡರು. ಮೊಟ್ಟೆ ಒಡೆದು ಮರಿಯಾದವೋ ಎಂದು ಕೇಳಿದರು. ಇನ್ನೂ ಇಲ್ಲ ಅಂದಳು. ಅತ್ತೆ ಹರಕು ಚಾಪೆಯಲ್ಲಿ ಕೂತೇ, ಊದಿದರೆ ಮರಿಗಳು ಸ್ವರ ಹಿಡಿದೇ ಹುಟ್ಟುತ್ತಿದ್ದವೇನೋ ಅಂದಳು. ಮುದುಕರು ಮತ್ತೆ ಕೆಮ್ಮಿದರು.

ಸೋಮವಾರ ಶಾಲೆಗೆ ಹೋದಾಗ ಬ್ಯಾಂಡಿನವರು ಅಭ್ಯಾಸದಂತೆ “ಒಟ್ಟಿಗೆ” ಎಂದು ಕೂಗಿದರು. ಅವಳು ನಿಂತು, ಒಬ್ಬೊಬ್ಬನ ಹೆಸರನ್ನೂ ವಯಸ್ಸಿನ ಸರದಿಯಲ್ಲಿ ಹೇಳಿ, ಮುಂದೆ ಹೋಗಲು ಅಪ್ಪಣೆ ಬೇಡಿದಳು. ಕೊನೆಯ ಹೆಸರಿನವನು, ನನ್ನನ್ನ ಯಾಕೆ ಕೊನೆಗೆ ಹಾಕಿದೆ ಎಂದು ಜಗಳ ತೆಗೆದ. ನಿನ್ನ ಅಮ್ಮನ್ನ ಕೇಳು, ನಿನ್ನನ್ನ ಕೊನೆಗೆ ಹೆತ್ತಿದ್ದು ಅವರು ಅಂದಳು.

ಹೆಡ್‌ಮೇಷ್ಟ್ರು ಅವಳನ್ನೂ ಸೋಸಾಯನನ್ನೂ ಕರೆಸಿದರು. ಮುಖ ಬೆಳಗುತ್ತಿತ್ತು. ಭಾನುವಾರ ಚರ್ಚು ಮುಗಿದ ಮೇಲೆ ಲೋತೋಫೊಲಾವು ಅವರೇ ಎದ್ದು ನಿಂತು ಮಕ್ಕಳ ಸುದ್ದಿ ರೇಡಿಯೋಗೆ ಹೋಗಲಿ ಎಂದಿದ್ದರು. ಉಳಿದ ಹಿರಿಯರು ಹೂಂ ಅಂದಿದ್ದರು. ಈ ಶುಕ್ರವಾರವೇ ಶುರು. ಸೋಸಾಯ ಕೂತಲ್ಲೇ ಕುಪ್ಪಳಿಸಿದ. ಮಾತು ಅಲ್ಲಿಗೆ ಮುಗಿಯಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಹಿರಿಯರು ಒಳ್ಳೆಯವರು, ಕ್ಷಮಿಸಿದ್ದಾರೆ, ಆದರೆ ರೇಡಿಯೋ ಅಂದರೆ ಇಡೀ ದ್ವೀಪಸಮೂಹ ಕೇಳುತ್ತದೆ, ಮತ್ತೊಮ್ಮೆ ಒಂದು ಹೆಸರು ತಪ್ಪಿದರೆ ತಮ್ಮ ಎದೆಗೆ ತಡೆಯುವ ಶಕ್ತಿಯಿಲ್ಲ ಎಂದು ಬಳಸಿ ಬಳಸಿ ಹೇಳಿ, ಕೊನೆಗೆ ವಿಷಯಕ್ಕೆ ಬಂದರು.

“ಚರ್ಚಿನ ಹಿರಿಯರೊಬ್ಬರು ಫಕತಾಪುನ ಹೇಳಿ ರೆಕಾರ್ಡ್ ಮಾಡಿಕೊಡ್ತಾರಂತೆ. ರೇಡಿಯೋದೋರು ಅದನ್ನ ನಿಮ್ಮ ಹೊತ್ತಿಗೆ ಮುಂಚೆನೇ ಹಾಕ್ತಾರೆ. ಕಾಲು ಗಂಟೆ ಪೂರ್ತಿ ನಿಮ್ಮ ಸುದ್ದಿಗೇ ಸಿಗುತ್ತೆ. ಅದೊಂದನ್ನ ಅವರಿಗೆ ಬಿಟ್ಟುಕೊಡಮ್ಮ. ನಾನು ಕೇಳ್ಕೊಳ್ತಾ ಇದೀನಿ.”

ಸೋಸಾಯ ಮೇಜಿನ ಕೆಳಗಿಂದ ಅವಳ ಕಾಲು ತುಳಿದ, ಹೂಂ ಅನ್ನು ಎಂದು. ಕಾಲು ಗಂಟೆಯಲ್ಲಿ ಎಷ್ಟು ಹೆಸರು ಹಿಡಿಯುತ್ತವೆ, ಎಷ್ಟು ದ್ವೀಪಗಳ ಮಕ್ಕಳು! ಖಾಲಿ ತರಗತಿಯಲ್ಲಿ ಅವಳು ಬಯಸಿದ್ದು ಇದನ್ನೇ. ಅಂದು ಯಾರಾದರೂ ಹೀಗೆ ಕೇಳಿದ್ದರೆ ಕುಣಿಯುತ್ತಿದ್ದಳು. ಆದರೆ ಫಕತಾಪುವನ್ನು ತಾನೇ ಹೇಳುವುದಾದರೆ ಸುದ್ದಿಯನ್ನು ಬಿಗಿಯಾಗಿ ಬರೆಯಬೇಕು, ಅವಳು ಲೆಕ್ಕ ಹಾಕಿದಳು. ಗೆದ್ದವರ ಹೆಸರಿರಲಿ, ಗೆದ್ದ ಕಥೆ ಬೇಡ. ಕೋಳಿಗೆ ಒಂದು ಸಾಲು. ಒಂದು ಸಾಲು ಸಾಕು, ನಗಿಸಲು ಬಲ್ಲವನಿಗೆ. ಆ ಮುಂಚಿನ ಮಾತನ್ನು ಮಾತ್ರ ಬೇರೆ ಯಾರದೋ ಗಂಟಲಿನಿಂದ, ಪ್ರತಿ ವಾರ ಅದೇ ಉಸಿರಿನಲ್ಲಿ ಹಾಕಿಸಿ, ತಾನು ಪಕ್ಕದಲ್ಲಿ ಕೈಕಟ್ಟಿ ಕಾದು ನಿಲ್ಲುವುದನ್ನು ನೆನೆದಳು. ಪರದೆಯ ಹಿಂದಿನ ಮುದುಕಿ ಅದಕ್ಕೂ ಹೂಂ ಅನ್ನುತ್ತಾಳೋ ಏನೋ. ಹೇಳುವವಳು ತಾನೇ ಆಗಬೇಕು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಅವಳ ಮುಖ ನೋಡಿದರು. ಮೆಲೆಸೇನಿ ಶಾಲೆಯ ಉಡುಪಿನ ಮೇಲೆ ಸುತ್ತಿದ್ದ ಸೊಂಟದ ಚಾಪೆ ಸರಿಮಾಡಿಕೊಂಡು, ಕಣ್ಣು ತಗ್ಗಿಸಿ, ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದಳು:

“ಇಲ್ಲ ಮೇಷ್ಟ್ರೇ. ಅದನ್ನ ನಾನು ಬಿಟ್ಟುಕೊಡೋದಿಲ್ಲ.”